ಫ್ರಿಜ್ಜಿನ ಹಿಂಬದಿ ಬಿಸಿ ಯಾಕೆ? – ಶಾಖ ಪಂಪುಗಳ ಚರಿತ್ರೆ



ಕಳೆದ ಡಿಸೆಂಬರಿನ ಒಂದು ರಾತ್ರಿ ನಮಗೊಂದು ಫೋನ್ ಕರೆ ಬಂತು. ಕರೆ ಮಾಡಿದವಳು ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿ. ಏಳನೇ ತರಗತಿಯವರೆಗೆ ಇಲ್ಲೇ ಕನ್ನಡ ಮಾಧ್ಯಮದಲ್ಲಿ ಕಲಿತು, ಆಮೇಲೆ ನರ್ಸಿಂಗ್ ಮುಗಿಸಿ ಈಗ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಕಾಸರಗೋಡಿನಿಂದ ಹೀಗೆ ಹೋದ ಮಕ್ಕಳು ಬಹಳ. ಊರಿನ ಸುದ್ದಿ, ಮಳೆ, ಅಡಿಕೆಯ ರೇಟು ಎಲ್ಲ ಕೇಳಿದ ಮೇಲೆ ಅವಳು ವಿಷಯಕ್ಕೆ ಬಂದಳು.

"ಮಾಷ್ಟ್ರೇ, ನಾವಿಲ್ಲಿ ಒಂದು ಹಳೆ ಮನೆ ತೆಗೆದುಕೊಳ್ಳುವ ಅಂದಾಜಿನಲ್ಲಿದ್ದೇವೆ. ಮನೆ ಬಿಸಿ ಮಾಡುವ ಗ್ಯಾಸ್ ಬಾಯ್ಲರ್ ಹಾಳಾಗಿದೆ. ಅದರ ಬದಲು ಹೀಟ್ ಪಂಪ್ ಹಾಕಿ ಅನ್ನುತ್ತಾರೆ. ಗಾಳಿಯದ್ದು, ನೆಲದ್ದು, ನೀರಿನದ್ದು ಅಂತ ಮೂರು ಬಗೆ ಉಂಟಂತೆ. ಹೊರಗೆ ಹಿಮ ಬೀಳುವಾಗ ಆ ಹೊರಗಿನ ಗಾಳಿಯಿಂದಲೇ ಶಾಖ ತೆಗೆದು ಒಳಗೆ ಕೊಡುವುದಂತೆ! ಇದು ಸತ್ಯವೋ, ಮಾರುವವರ ಬಾಯಿ ಮಾತೋ?"

ನಾವು ಉತ್ತರಕ್ಕೆ ತಡಕಾಡುತ್ತಿರುವಾಗಲೇ ಅವಳು ಇನ್ನೊಂದು ಮಾತು ಹೇಳಿದಳು. "ನಾನು ಆರನೇ ತರಗತಿಯಲ್ಲಿ ಫ್ರಿಜ್ಜಿನ ಹಿಂಬದಿ ಯಾಕೆ ಬಿಸಿ ಅಂತ ಕೇಳಿದ್ದೆ. ಅದು ಮೋಟಾರಿನ ಬಿಸಿ ಅಂದಿದ್ದಿರಿ. ಇಲ್ಲಿ ಬಂದ ಕೆಲಸದವನು ಅದಲ್ಲ ಅನ್ನುತ್ತಾನೆ."

ಓದುಗರೇ, ಅವಳು ನಕ್ಕುಕೊಂಡೇ ಹೇಳಿದಳು. ನಮಗೆ ಮಾತ್ರ ನಿದ್ದೆ ಬರಲಿಲ್ಲ. ನಾವು ಓದಿದ್ದು ಬಿ.ಎ., ಅದೂ ಚರಿತ್ರೆ. ಟಿ.ಸಿ.ಎಚ್. ಆದವರಿಗೆ ಪ್ರಾಥಮಿಕ ಶಾಲೆಯಲ್ಲಿ ಎಲ್ಲ ಪಾಠವೂ ಬರುತ್ತದೆ, ವಿಜ್ಞಾನವೂ ಬರುತ್ತದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನದೆ ಒಂದು ಮಾತು ಹೇಳಿ ಮುಂದೆ ಹೋಗಿದ್ದೆವು. ಆ ತಪ್ಪನ್ನು ತಿದ್ದುವುದಕ್ಕಾಗಿ ನಾವು ಓದತೊಡಗಿದೆವು. ನಮಗೆ ಗೊತ್ತಿರುವ ದಾರಿ ಚರಿತ್ರೆಯದ್ದು. ಆದ್ದರಿಂದ ಈ ಯಂತ್ರ ಎಲ್ಲಿ ಹುಟ್ಟಿತು, ಯಾರಿಗೆ ಯಾವಾಗ ಬೇಕಾಯಿತು ಎಂದು ಹುಡುಕುತ್ತ ಹೋದೆವು. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನೀರಿನ ಪಂಪು, ಶಾಖದ ಪಂಪು

ಮೊದಲು ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ಕೈಗೆ ಸ್ಪಿರಿಟ್ ಹಚ್ಚುತ್ತಾರೆ. ತಣ್ಣಗಾಗುತ್ತದಲ್ಲ? ಸ್ಪಿರಿಟ್ ಆವಿಯಾಗುವಾಗ ನಮ್ಮ ಚರ್ಮದ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಇನ್ನೊಂದು, ಸೈಕಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿ ಇರುತ್ತದೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಈ ಎರಡು ಸಂಗತಿಗಳನ್ನು ಒಂದು ಕೊಳವೆಯಲ್ಲಿ ಜೋಡಿಸಿದರೆ ಫ್ರಿಜ್ಜು.

ಕೊಳವೆಯ ಒಳಗೆ ಬಹಳ ಕಡಿಮೆ ಉಷ್ಣತೆಯಲ್ಲೇ ಕುದಿಯುವ ಒಂದು ದ್ರವ ಇರುತ್ತದೆ. ಅದನ್ನು ಶೀತಕ ಎನ್ನೋಣ. ಫ್ರಿಜ್ಜಿನ ಒಳಗೆ ಅದು ಕುದಿದು ಆವಿಯಾಗುತ್ತದೆ, ಒಳಗಿಟ್ಟ ಹಾಲಿನ, ತರಕಾರಿಯ ಶಾಖವನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ, ಆವಿ ಬಿಸಿಯಾಗುತ್ತದೆ. ಹೊರಬದಿಯ ಕೊಳವೆಯಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಕಿರಿದಾದ ಬಾಯಿಯಿಂದ ದಾಟಿ ಒತ್ತಡ ಇಳಿದು ತಣ್ಣಗಾಗಿ ಮತ್ತೆ ಒಳಗೆ ಹೋಗುತ್ತದೆ. ಫ್ರಿಜ್ಜಿನ ಹೊರಬದಿಯ ಬಿಸಿ ಎಂದರೆ ಒಳಗಿನಿಂದ ಹೊತ್ತು ತಂದ ಶಾಖ. ಮೋಟಾರಿನದ್ದೂ ಅದರಲ್ಲಿ ಸೇರಿರುತ್ತದೆ, ಆದರೆ ಹೆಚ್ಚಿನ ಪಾಲು ಒಳಗಿನಿಂದ ಎತ್ತಿದ್ದು. ಅಂದು ನಾವು ಹೇಳಿದ್ದು ತಪ್ಪು.

ಈಗ ಫ್ರಿಜ್ಜಿನ ತಂಪು ಭಾಗವನ್ನು ಮನೆಯ ಹೊರಗೂ ಬಿಸಿ ಭಾಗವನ್ನು ಮನೆಯ ಒಳಗೂ ಇಟ್ಟಿದ್ದೇವೆ ಎಂದುಕೊಳ್ಳಿ. ಅದೇ ಶಾಖ ಪಂಪು. ಹೊರಗಿನ ಚಳಿಯಿಂದ ಶಾಖ ಎತ್ತಿ ಒಳಗೆ ಸುರಿಯುತ್ತದೆ.

ನಮ್ಮ ಅಡಿಕೆ ತೋಟದವರಿಗೆ ಇದನ್ನು ಹೇಳುವುದು ಸುಲಭ. ನೀರು ಮೇಲಿನಿಂದ ಕೆಳಗೆ ತಾನೇ ಹರಿಯುತ್ತದೆ, ಕೆಳಗಿನಿಂದ ಮೇಲಕ್ಕೆ ಬರಬೇಕಾದರೆ ಪಂಪು ಬೇಕು. ಪಂಪು ನೀರನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಎತ್ತುತ್ತದೆ. ಶಾಖವೂ ಹಾಗೆಯೇ, ಬಿಸಿಯ ಕಡೆಯಿಂದ ತಂಪಿನ ಕಡೆಗೆ ತಾನೇ ಹರಿಯುತ್ತದೆ, ತಿರುಗಿ ಎತ್ತಬೇಕಾದರೆ ಪಂಪು ಬೇಕು. ಕಾಯಿಲ್ ಇರುವ ಹೀಟರ್ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖ ಕೊಡುತ್ತದೆ. ಶಾಖ ಪಂಪು ಅದೇ ಒಂದು ಯೂನಿಟ್ಟನ್ನು ಎತ್ತುವ ಕೂಲಿಯಾಗಿ ಪಡೆದು ಮೂರು ಯೂನಿಟ್ ಶಾಖ ಒಳಗೆ ತಂದು ಹಾಕುತ್ತದೆ.

ಎಪ್ರಿಲಿನಲ್ಲಿ ಬಾವಿಯ ನೀರು ಕೆಳಗೆ ಹೋದಾಗ ಪಂಪಿಗೆ ಎತ್ತುವ ದೂರ ಹೆಚ್ಚು, ಬರುವ ನೀರು ಕಡಿಮೆ. ಶಾಖ ಪಂಪಿಗೂ ಇದೇ ಲೆಕ್ಕ. ಹೊರಗಿನ ಉಷ್ಣತೆ ಎಷ್ಟು ಕೆಳಗೆ, ಒಳಗೆ ಬೇಕಾದ ಉಷ್ಣತೆ ಎಷ್ಟು ಮೇಲೆ, ಆ ಅಂತರವೇ ಅದರ ಬಾವಿಯ ಆಳ. ಈ ಒಂದು ಮಾತನ್ನು ನೆನಪಿನಲ್ಲಿಡಿ. ಮುಂದೆ ಬರುವ ಕಥೆಯೆಲ್ಲ ಇದರ ಸುತ್ತಲೇ ಇದೆ.

ಕಾಗದದಲ್ಲೇ ಉಳಿದ ಯಂತ್ರ

1824ರಲ್ಲಿ ಸಾದಿ ಕಾರ್ನೋ ಎಂಬ ಫ್ರೆಂಚ್ ಇಂಜಿನಿಯರ್ ಉಗಿಯಂತ್ರದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ಶಾಖ ಬಿಸಿಯಿಂದ ತಂಪಿಗೆ ಹರಿಯುವಾಗ ಅದರಿಂದ ಕೆಲಸ ಪಡೆಯಬಹುದು, ಕೆಲಸ ಕೊಟ್ಟರೆ ಇದೇ ದಾರಿಯಲ್ಲಿ ಹಿಂದಕ್ಕೂ ಹೋಗಬಹುದು ಎಂಬ ವಿಚಾರ ಅದರಲ್ಲಿತ್ತು. ಆ ಕಾಲದಲ್ಲಿ ಯಾರೂ ಅಷ್ಟಾಗಿ ಗಮನಿಸಲಿಲ್ಲ. 1832ರಲ್ಲಿ, 36ನೇ ವಯಸ್ಸಿನಲ್ಲಿ, ಕಾಲರಾದಿಂದ ಅವನು ತೀರಿಕೊಂಡ. 1834ರಲ್ಲಿ ಇಂಗ್ಲೆಂಡಿನಲ್ಲಿದ್ದ ಜೇಕಬ್ ಪರ್ಕಿನ್ಸ್ ಎಂಬ ಅಮೆರಿಕದವ ಈಥರನ್ನು ಶೀತಕವಾಗಿಟ್ಟು ತಂಪು ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ಇಂದಿನ ಫ್ರಿಜ್ಜಿನ ಮೂಲ ರೂಪ ಅದೇ.

ತಂಪು ಮಾಡುವ ಯಂತ್ರದಿಂದಲೇ ಮನೆ ಬಿಸಿ ಮಾಡಬಹುದು ಎಂದು ಲೆಕ್ಕ ಹಾಕಿ ತೋರಿಸಿದವನು ಗ್ಲಾಸ್ಗೋದ ಪ್ರೊಫೆಸರ್ ವಿಲಿಯಂ ಥಾಮ್ಸನ್, ವರ್ಷ 1852. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು ಇವನೇ. ಹೊರಗಿನ ಗಾಳಿಯನ್ನು ಒಂದು ಸಿಲಿಂಡರಿನಲ್ಲಿ ಹಿಗ್ಗಿಸಿ ತಂಪಾಗಿಸುವುದು, ಆ ತಂಪು ಗಾಳಿ ಹೊರಗಿನ ವಾತಾವರಣದಿಂದಲೇ ಶಾಖ ಪಡೆಯುವಂತೆ ಮಾಡುವುದು, ಆಮೇಲೆ ಒತ್ತಿ ಬಿಸಿ ಮಾಡಿ ಕಟ್ಟಡದ ಒಳಗೆ ಬಿಡುವುದು, ಇದು ಅವನ ಯೋಜನೆ. ಕಲ್ಲಿದ್ದಲನ್ನು ಒಲೆಯಲ್ಲಿ ನೇರವಾಗಿ ಉರಿಸುವುದಕ್ಕಿಂತ ಇದು ಉಳಿತಾಯ ಎಂದು ಅವನು ತೋರಿಸಿದ.

ಹಿಮ ಬೀಳುವ ಗಾಳಿಯಲ್ಲಿ ಶಾಖ ಎಲ್ಲಿದೆ ಎಂಬ ನಮ್ಮ ಹುಡುಗಿಯ ಪ್ರಶ್ನೆಗೂ ಇವನಲ್ಲೇ ಉತ್ತರ ಸಿಗುತ್ತದೆ. 1848ರಲ್ಲಿ ಥಾಮ್ಸನ್ ನಿರಪೇಕ್ಷ ಉಷ್ಣತೆಯ ಅಳತೆಗೋಲನ್ನು ಸೂಚಿಸಿದ್ದ. ಆ ಲೆಕ್ಕದಲ್ಲಿ ನಿಜವಾದ ಸೊನ್ನೆ ಇರುವುದು ನಮ್ಮ ಸೊನ್ನೆ ಡಿಗ್ರಿಗಿಂತ 273 ಡಿಗ್ರಿ ಕೆಳಗೆ. ಹಿಮ ಬೀಳುವ ಗಾಳಿ ನಮ್ಮ ಕೈಗೆ ಚಳಿ, ಆದರೆ ಆ ಸೊನ್ನೆಯಿಂದ ಎಣಿಸಿದರೆ ಅದು 273 ಡಿಗ್ರಿ ಬೆಚ್ಚಗಿದೆ. ಬಾವಿಯಲ್ಲಿ ನೀರು ಬೇಕಾದಷ್ಟು ಇದೆ, ಆಳದಲ್ಲಿದೆ, ಅಷ್ಟೇ.

ಹಾಗಿದ್ದರೂ ಥಾಮ್ಸನ್ ಹೇಳಿದ ಯಂತ್ರ ಅವನ ಕಾಲದಲ್ಲಿ ಯಾರ ಮನೆಗೂ ಬರಲಿಲ್ಲ. ಯಾಕೆ? ಬ್ರಿಟನ್ನಿನಲ್ಲಿ ಕಲ್ಲಿದ್ದಲು ಅಗ್ಗವಾಗಿತ್ತು. ನಮ್ಮ ಕಡೆ ಬಚ್ಚಲು ಒಲೆಗೆ ಮಡಲು, ಕೊತ್ತಳಿಗೆ, ಗೆರಟೆ ತೋಟದಲ್ಲೇ ಬಿದ್ದಿರುವಾಗ ಸ್ನಾನದ ನೀರಿಗೆ ಬೇರೆ ದಾರಿ ಯಾರು ಹುಡುಕುತ್ತಾರೆ?

ಉಪ್ಪು ಕುದಿಸುವವರ ಬುದ್ಧಿ

ಮೊದಲು ಅಗತ್ಯ ಬಂದದ್ದು ಆಸ್ಟ್ರಿಯಾದ ಎಬೆನ್‌ಸೇ ಎಂಬ ಊರಿನ ಉಪ್ಪಿನ ಕಾರ್ಖಾನೆಗೆ. ಅಲ್ಲಿ ಉಪ್ಪು ನೀರನ್ನು ದೊಡ್ಡ ಬಾಣಲೆಗಳಲ್ಲಿ ಕುದಿಸಿ ಉಪ್ಪು ತೆಗೆಯುತ್ತಿದ್ದರು. ಅದಕ್ಕೆ ಸುತ್ತಲಿನ ಕಾಡಿನ ಸೌದೆ ರಾಶಿ ರಾಶಿಯಾಗಿ ಬೇಕಾಗುತ್ತಿತ್ತು. ಪೀಟರ್ ಫಾನ್ ರಿಟಿಂಗರ್ ಎಂಬ ಇಂಜಿನಿಯರ್ 1850ರ ದಶಕದ ಮಧ್ಯದಲ್ಲಿ ಒಂದು ಪ್ರಶ್ನೆ ಹಾಕಿಕೊಂಡ. ಬಾಣಲೆಯಿಂದ ಹಾರಿ ಹೋಗುವ ಹಬೆಯಲ್ಲಿ ಇಷ್ಟು ಶಾಖ ಇದೆಯಲ್ಲ, ಅದನ್ನು ಹಿಡಿದರೆ?

ಅವನು ಆ ಹಬೆಯನ್ನು ಹಿಡಿದು, ನೀರಿನ ಶಕ್ತಿಯಿಂದ ನಡೆಯುವ ಯಂತ್ರದಿಂದ ಒತ್ತಿ, ಇನ್ನಷ್ಟು ಬಿಸಿ ಮಾಡಿ, ಮತ್ತೆ ಅದೇ ಉಪ್ಪು ನೀರನ್ನು ಕಾಯಿಸಲು ಬಳಸಿದ. ಜಗತ್ತಿನಲ್ಲಿ ಕೆಲಸಕ್ಕೆ ಇಳಿದ ಮೊದಲ ಶಾಖ ಪಂಪು ಇದೇ ಎಂದು ಚರಿತ್ರೆಯಲ್ಲಿ ದಾಖಲಾಗಿದೆ. ಇದರಲ್ಲಿ ಬೇರೆ ಶೀತಕ ಇರಲಿಲ್ಲ, ಹಬೆಯೇ ಶೀತಕ. ಉಪ್ಪು ಗಟ್ಟಿಯಾಗಿ ಕೂರುವ ತೊಂದರೆಯಿಂದ ಅವನ ಪ್ರಯೋಗ ಬಯಸಿದಷ್ಟು ಮುಂದುವರಿಯಲಿಲ್ಲ. ಆದರೆ ಸುಮಾರು ಇಪ್ಪತ್ತು ವರ್ಷಗಳ ನಂತರ, 1877ರ ಹೊತ್ತಿಗೆ, ಸ್ವಿಟ್ಜರ್ಲೆಂಡಿನ ಬೆ ಎಂಬಲ್ಲಿನ ಉಪ್ಪಿನ ಕಾರ್ಖಾನೆಯಲ್ಲಿ ಇದೇ ವಿಧಾನ ಚೆನ್ನಾಗಿ ನಡೆಯಿತು. ಅಲ್ಲಿಯೂ ಕಾರಣ ಇಂಧನದ ಕೊರತೆಯೇ. ಸ್ವಿಟ್ಜರ್ಲೆಂಡಿನಲ್ಲಿ ಬೆಟ್ಟದ ನೀರು ಹೇರಳ, ಕಲ್ಲಿದ್ದಲಿಗೆ ಮಾತ್ರ ಹೊರದೇಶದ ದಾರಿ ನೋಡಬೇಕಿತ್ತು.

ನದಿಯಿಂದ ಬಂದ ಬೆಚ್ಚನೆ

ಆ ಕೊರತೆಯೇ ಶಾಖ ಪಂಪನ್ನು ಕಾರ್ಖಾನೆಯಿಂದ ಕಟ್ಟಡಗಳಿಗೆ ತಂದಿತು. ಜ್ಯೂರಿಕ್ ನಗರದ ಟೌನ್ ಹಾಲ್ 1698ರಲ್ಲಿ ಪೂರ್ಣಗೊಂಡ ಕಟ್ಟಡ. ಲಿಮ್ಮಾಟ್ ನದಿಯ ದಂಡೆಗೇ ತಾಗಿಕೊಂಡು ನಿಂತಿದೆ. 1938ರಲ್ಲಿ ಅಲ್ಲಿನ ಒಲೆಗಳನ್ನು ತೆಗೆದು, ನದಿಯ ನೀರಿನಿಂದ ಶಾಖ ಎತ್ತುವ ಪಂಪನ್ನು ಕೂರಿಸಿದರು. ಮಾಡಿಕೊಟ್ಟದ್ದು ಎಷರ್ ವೀಸ್ ಎಂಬ ಕಂಪನಿ. ಚಳಿಗಾಲದ ನದಿ ಮುಟ್ಟಿದರೆ ಕೈ ಜೋಮು ಹಿಡಿಯುವಷ್ಟು ತಣ್ಣಗೆ, ಆದರೂ ಅದರಿಂದ ಸಭಾಂಗಣ ಬೆಚ್ಚಗಾಯಿತು. ಬೇಸಿಗೆಯಲ್ಲಿ ಅದೇ ಯಂತ್ರ ತಂಪು ಕೊಟ್ಟಿತು. 2001ರವರೆಗೆ, 63 ವರ್ಷ, ಅದು ಕೆಲಸ ಮಾಡಿತು. ನಮ್ಮ ತೋಟದ ಪಂಪುಸೆಟ್ಟುಗಳ ಆಯುಷ್ಯ ಬಲ್ಲವರಿಗೆ ಈ ಅಂಕಿಯ ಬೆಲೆ ಗೊತ್ತಾದೀತು.

ಎರಡನೇ ಮಹಾಯುದ್ಧ ಶುರುವಾಗಿ ಕಲ್ಲಿದ್ದಲು ಸಿಗುವುದು ಕಷ್ಟವಾದಾಗ ಸ್ವಿಟ್ಜರ್ಲೆಂಡಿನಲ್ಲಿ ಇಂಥ ಪಂಪುಗಳು ಒಂದರ ಹಿಂದೆ ಒಂದು ಬಂದವು. 1941ರಲ್ಲಿ ಜ್ಯೂರಿಕ್‌ನ ಈಜುಕೊಳ, 1942ರಲ್ಲಿ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯ.

ಬ್ರಿಟನ್ನಿನಲ್ಲಿ ಯುದ್ಧ ಮುಗಿದ 1945ರಲ್ಲಿ ಜಾನ್ ಸಮ್ನರ್ ಎಂಬ ಇಂಜಿನಿಯರ್ ನಾರ್ವಿಚ್ ನಗರದ ವಿದ್ಯುತ್ ಇಲಾಖೆಯ ಕಟ್ಟಡಕ್ಕೆ ಒಂದು ಶಾಖ ಪಂಪು ಕಟ್ಟಿದ. ಶಾಖದ ಮೂಲ ವೆನ್ಸಂ ಎಂಬ ನದಿ. ಹೊಸ ಸಾಮಾನು ಸಿಗದ ಕಾಲ, ಆದ್ದರಿಂದ ಕೈಗೆ ಸಿಕ್ಕಿದ ಹಳೆ ಭಾಗಗಳನ್ನೇ ಜೋಡಿಸಿಕೊಂಡ. ಶೀತಕವಾಗಿ ಬಳಸಿದ್ದು ಮೂಗಿಗೆ ಘಾಟು ಹೊಡೆಯುವ ಗಂಧಕದ ಡೈ ಆಕ್ಸೈಡ್. ಕೊಟ್ಟ ವಿದ್ಯುತ್ತಿನ ಮೂರು ಪಟ್ಟಿಗೂ ಹೆಚ್ಚು ಶಾಖ ಬಂತು ಎಂದು ಅಳತೆ ಮಾಡಿ ತೋರಿಸಿದ.

ಆದರೆ ಎಲ್ಲವೂ ಗೆಲುವಿನ ಕಥೆಯಲ್ಲ. 1951ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿಗೆ ಥೇಮ್ಸ್ ನದಿಯಿಂದ ಶಾಖ ಎತ್ತುವ ದೊಡ್ಡ ಪಂಪು ಹಾಕಿದರು. ಅದನ್ನು ನಡೆಸಲು ಯುದ್ಧವಿಮಾನಗಳ ಮೆರ್ಲಿನ್ ಇಂಜಿನ್ನುಗಳನ್ನು ಗ್ಯಾಸಿನಲ್ಲಿ ಓಡುವಂತೆ ಬದಲಾಯಿಸಿ ಬಳಸಿದ್ದರು. ಯಂತ್ರ ಕೆಲಸ ಮಾಡಿತು, ಆದರೆ ಕಟ್ಟಡಕ್ಕೆ ಬೇಕಾದ್ದಕ್ಕಿಂತ ಬಹಳ ಹೆಚ್ಚು ಶಾಖ! ಅಳತೆಗೆ ಮೀರಿದ ಯಂತ್ರದ ಖರ್ಚು ಗಿಟ್ಟದೆ ಕೆಲವೇ ಸಮಯದಲ್ಲಿ ನಿಲ್ಲಿಸಬೇಕಾಯಿತು. ಪಂಪಿನ ಗಾತ್ರವನ್ನು ಮನೆಯ ಅಗತ್ಯಕ್ಕೆ ಸರಿಯಾಗಿ ಲೆಕ್ಕ ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ಇಂದಿಗೂ ಪಾಠ.

ನೀರಿನ ಮೂಲದ ಪಂಪಿನ ಗುಣ ಇದರಿಂದ ತಿಳಿಯುತ್ತದೆ. ನೀರು ಗಾಳಿಯಷ್ಟು ಬೇಗ ತಣ್ಣಗಾಗುವುದಿಲ್ಲ, ಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆ. ಆದರೆ ಮನೆಯ ಪಕ್ಕದಲ್ಲೇ ನದಿ ಅಥವಾ ಕೆರೆ ಇರುವ ಭಾಗ್ಯ ಎಷ್ಟು ಜನರಿಗೆ?

ನೆಲದೊಳಗಿನ ಗಂಟು

ನದಿ ಇಲ್ಲದವರಿಗೆ ನೆಲ ಇದೆಯಲ್ಲ. ನೆಲದ ಶಾಖವನ್ನು ಪಂಪಿನಿಂದ ತೆಗೆಯುವ ವಿಚಾರಕ್ಕೆ 1912ರಲ್ಲೇ ಹೈನ್ರಿಕ್ ಜೋಲಿ ಎಂಬ ಇಂಜಿನಿಯರ್ ಸ್ವಿಟ್ಜರ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದ. ಅದೂ ದಶಕಗಳ ಕಾಲ ಕಾಗದದಲ್ಲೇ ಇತ್ತು.

ಅಮೆರಿಕದ ಇಂಡಿಯಾನಾಪೊಲಿಸ್‌ನ ರಾಬರ್ಟ್ ವೆಬರ್ ಎಂಬವನ ಕಥೆ ಓದುವಾಗ ನಮಗೆ ನಮ್ಮ ಹುಡುಗಿಯೇ ನೆನಪಾದಳು. 1940ರ ದಶಕದಲ್ಲಿ ಅವನು ಮನೆಯ ಫ್ರೀಜರಿನ ಜೊತೆ ಏನೋ ಪ್ರಯೋಗ ಮಾಡುತ್ತಿದ್ದಾಗ ಹೊರಹೋಗುವ ಕೊಳವೆ ಮುಟ್ಟಿ ಕೈ ಸುಟ್ಟುಕೊಂಡನಂತೆ. ಇಷ್ಟು ಶಾಖ ಸುಮ್ಮನೆ ಹೋಗುತ್ತಿದೆಯಲ್ಲ ಎಂದು ಮೊದಲು ಅದರಿಂದ ನೀರು ಕಾಯಿಸಿದ. ಮತ್ತೆ ಫ್ಯಾನ್ ಇಟ್ಟು ಮನೆಯೊಳಗೆ ಬಿಸಿ ಗಾಳಿ ಬಿಟ್ಟ. ಆಮೇಲೆ ನೆಲದಲ್ಲಿ ತಾಮ್ರದ ಕೊಳವೆ ಹೂತು, ನೆಲದಿಂದಲೇ ಶಾಖ ತೆಗೆಯುವ ಪಂಪು ಮಾಡಿದ. ಕೊನೆಗೆ ಮನೆಯ ಕಲ್ಲಿದ್ದಲ ಒಲೆಯನ್ನೇ ಮಾರಿದನೆಂದು ಹೇಳುತ್ತಾರೆ. ಫ್ರಿಜ್ಜಿನ ಹಿಂಬದಿ ಯಾಕೆ ಬಿಸಿ ಎಂಬ ಪ್ರಶ್ನೆಯನ್ನು ಅವನು ಬಿಡಲಿಲ್ಲ. ನಾವು ಬಾಯಿ ಮುಚ್ಚಿಸಿದೆವು.

1948ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ, ಇಂದು ಕಾಮನ್‌ವೆಲ್ತ್ ಬಿಲ್ಡಿಂಗ್ ಎಂದು ಕರೆಯುವ ದೊಡ್ಡ ಕಚೇರಿ ಕಟ್ಟಡಕ್ಕೆ ಬಾವಿಯ ನೀರಿನಿಂದ ಶಾಖ ಎತ್ತುವ ಪಂಪುಗಳನ್ನು ಅಳವಡಿಸಿದರು. ಅಷ್ಟು ದೊಡ್ಡ ಕಟ್ಟಡಕ್ಕೂ ಇದು ಸಾಕು ಎಂದು ಅದು ತೋರಿಸಿಕೊಟ್ಟಿತು.

ನೆಲದ ಗುಣ ಏನೆಂದು ಗಡಿನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಹಿರಿಯರು ಹಾರೆ ಪಿಕ್ಕಾಸಿನಿಂದ ಅಡ್ಡಕ್ಕೆ ಕೊರೆದ ಸುರಂಗಗಳಿವೆ. ಎಪ್ರಿಲಿನ ಮಧ್ಯಾಹ್ನ ಒಳಗೆ ಹೋದರೆ ತಂಪು, ಡಿಸೆಂಬರಿನ ಮುಂಜಾವಿನಲ್ಲಿ ಅದೇ ಸುರಂಗದ ನೀರು ಕೈಗೆ ಬೆಚ್ಚಗೆ. ಸುರಂಗ ಬದಲಾಗಿಲ್ಲ, ಹೊರಗಿನ ಹವೆ ಬದಲಾಗಿದೆ. ಇಂಗ್ಲೆಂಡಿನಲ್ಲೂ ನೆಲದ ಆಳದಲ್ಲಿ ವರ್ಷವಿಡೀ ಸುಮಾರು 10ರಿಂದ 12 ಡಿಗ್ರಿ ಇರುತ್ತದೆ. ಮೇಲೆ ಹಿಮ ಬಿದ್ದರೂ ಆ ಬಾವಿಯ ಮಟ್ಟ ಇಳಿಯುವುದಿಲ್ಲ.

ಇದನ್ನು ಒಂದು ದೇಶದ ಮಟ್ಟದಲ್ಲಿ ಮಾಡಿ ತೋರಿಸಿದವರಲ್ಲಿ ಸ್ವೀಡನ್ನಿನವರು ಮುಂದೆ. 1973ರಲ್ಲಿ ಪೆಟ್ರೋಲಿಯಂ ಬೆಲೆ ಒಮ್ಮೆಲೇ ಏರಿದಾಗ ಹೊರದೇಶದ ಎಣ್ಣೆಯಿಂದ ಮನೆ ಬಿಸಿ ಮಾಡುತ್ತಿದ್ದ ಆ ದೇಶ ಕಂಗಾಲಾಯಿತು. ಬಂಡೆಯಲ್ಲಿ ನೂರು ಮೀಟರಿಗೂ ಹೆಚ್ಚು ಆಳದ ಕೊಳವೆಬಾವಿ ಕೊರೆದು ಶಾಖ ತೆಗೆಯತೊಡಗಿದರು. ಸ್ಟಾಕ್‌ಹೋಮ್‌ನಲ್ಲಿ 1980ರ ದಶಕದಲ್ಲಿ ಸಮುದ್ರದ ನೀರಿನಿಂದ ನಗರಕ್ಕೇ ಶಾಖ ಕೊಡುವ, ಸುಮಾರು 180 ಮೆಗಾವಾಟಿನ ಸ್ಥಾವರ ಕಟ್ಟಿದರು. ಆ ದಶಕದ ನಡುವೆ ಎಣ್ಣೆಯ ಬೆಲೆ ಇಳಿಯಿತು, ಜನರ ಉತ್ಸಾಹವೂ ಇಳಿಯಿತು. 1990ರ ದಶಕದಲ್ಲಿ ಸರ್ಕಾರವೇ ಒಳ್ಳೆಯ, ಅಗ್ಗದ ಶಾಖ ಪಂಪಿಗಾಗಿ ತಯಾರಕರ ನಡುವೆ ಸ್ಪರ್ಧೆ ಏರ್ಪಡಿಸಿದ ಮೇಲೆ ಮತ್ತೆ ಬೇಡಿಕೆ ಬಂತು. ಅಗ್ಗದ ಇಂಧನ ಬಂದಾಗಲೆಲ್ಲ ಕಲಿತ ಪಾಠ ಮರೆತುಹೋಗುತ್ತದೆ. ಈ ಚರಿತ್ರೆಯಲ್ಲಿ ಇದು ಎಷ್ಟು ಸಲ ನಡೆದಿದೆ ನೋಡಿ!

ಗಾಳಿಯ ಪಂಪು: ಬೈಗುಳದಿಂದ ಮೆಚ್ಚುಗೆಗೆ

ಗಾಳಿ ಎಲ್ಲರ ಮನೆಯ ಹೊರಗೂ ಇದೆ. ಕೊರೆಯಬೇಕಿಲ್ಲ, ಹೂಳಬೇಕಿಲ್ಲ. ಸ್ಕಾಟ್ಲೆಂಡಿನ ಗ್ರೇಮ್ ಹಾಲ್ಡೇನ್ ಎಂಬ ಇಂಜಿನಿಯರ್ 1920ರ ದಶಕದ ಕೊನೆಯಲ್ಲಿ ತನ್ನ ಸ್ವಂತ ಮನೆಯಲ್ಲೇ ಹೊರಗಿನ ಗಾಳಿಯ ಶಾಖ ಬಳಸುವ ಪಂಪನ್ನು ಪ್ರಯೋಗಿಸಿ 1930ರಲ್ಲಿ ಅದರ ವಿವರ ಪ್ರಕಟಿಸಿದ.

ಆದರೆ ಗಾಳಿಗೆ ಒಂದು ದೊಡ್ಡ ದೋಷ. ಶಾಖ ಅತಿ ಹೆಚ್ಚು ಬೇಕಾದ ರಾತ್ರಿಯಲ್ಲೇ ಗಾಳಿ ಅತಿ ತಣ್ಣಗೆ. ತೋಟಕ್ಕೆ ನೀರು ಬೇಕಾದ ಎಪ್ರಿಲಿನಲ್ಲೇ ಬಾವಿ ಇಳಿದ ಹಾಗೆ. ಇದರ ಮೇಲೆ ಇನ್ನೊಂದು ತೊಂದರೆ: ಹೊರಗಿನ ಕೊಳವೆಗೆ ತೇವದ ಗಾಳಿ ತಾಗಿ ಮಂಜುಗಡ್ಡೆ ಕಟ್ಟುತ್ತದೆ. ಆಗ ಯಂತ್ರ ಕೆಲವು ನಿಮಿಷ ಹಿಮ್ಮುಖವಾಗಿ ನಡೆದು ಅದನ್ನು ಕರಗಿಸಬೇಕು. 1950ರ ದಶಕದಲ್ಲಿ ಅಮೆರಿಕದ ಮನೆಗಳಿಗೆ ಹೋದ ಗಾಳಿಯ ಪಂಪುಗಳು ತಂಪು ಮಾಡುವ ಯಂತ್ರವನ್ನೇ ಸ್ವಲ್ಪ ಬದಲಾಯಿಸಿ ಮಾಡಿದವು. ಚಳಿಗಾಲದ ದುಡಿತ ತಾಳಲಾರದೆ ಕಂಪ್ರೆಸರುಗಳು ಕೆಡುತ್ತಿದ್ದವು. ಶಾಖ ಪಂಪು ಅಂದರೆ ರಗಳೆ ಎಂಬ ಹೆಸರು ಬಂತು.

ಆ ಹೆಸರನ್ನು ಅಳಿಸಿದ್ದರಲ್ಲಿ ಜಪಾನಿನ ಪಾಲು ದೊಡ್ಡದು. 1980-81ರಲ್ಲಿ ತೋಶಿಬಾ ಕಂಪನಿ ಇನ್ವರ್ಟರ್ ಇರುವ ಏರ್ ಕಂಡೀಶನರುಗಳನ್ನು ತಂದಿತು. ಅಲ್ಲಿಯವರೆಗೆ ಕಂಪ್ರೆಸರ್ ಒಂದೋ ಪೂರ್ತಿ ಓಡಬೇಕು, ಇಲ್ಲವೇ ನಿಲ್ಲಬೇಕು. ಇನ್ವರ್ಟರ್ ಬಂದ ಮೇಲೆ ಬೇಕಾದಷ್ಟೇ ವೇಗದಲ್ಲಿ ನಡೆಯತೊಡಗಿತು. 2001ರಲ್ಲಿ ಜಪಾನಿನಲ್ಲೇ ಇಂಗಾಲದ ಡೈ ಆಕ್ಸೈಡನ್ನು ಶೀತಕವಾಗಿಟ್ಟು ಸ್ನಾನದ ನೀರು ಕಾಯಿಸುವ ಇಕೋಕ್ಯೂಟ್ ಎಂಬ ಪಂಪುಗಳು ಮಾರುಕಟ್ಟೆಗೆ ಬಂದವು.

ನಾರ್ವೆಯ ಉದಾಹರಣೆ ಇನ್ನೂ ಚಂದ. ಅಲ್ಲಿನ ವಿದ್ಯುತ್ ಬಹುಪಾಲು ಜಲವಿದ್ಯುತ್. 2002-03ರ ಚಳಿಗಾಲದಲ್ಲಿ ಜಲಾಶಯಗಳ ನೀರು ಕಡಿಮೆಯಾಗಿ ವಿದ್ಯುತ್ ದರ ಗಗನಕ್ಕೇರಿತು. ಸರ್ಕಾರ ಶಾಖ ಪಂಪಿಗೆ ಸಹಾಯಧನ ಕೊಟ್ಟಿತು, ಜನ ಕಾಯಿಲ್ ಹೀಟರ್ ಬಿಟ್ಟು ಗಾಳಿಯ ಪಂಪು ಹಾಕಿಸಿಕೊಂಡರು. ಇಂದು ನಾರ್ವೆಯ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಶಾಖ ಪಂಪು ಇದೆ. ಯುರೋಪಿನಲ್ಲಿ ಮನೆಗಳ ಲೆಕ್ಕದಲ್ಲಿ ಅತಿ ಹೆಚ್ಚು ಶಾಖ ಪಂಪುಗಳಿರುವುದು ನಾರ್ವೆ, ಸ್ವೀಡನ್, ಫಿನ್ಲೆಂಡ್ ಎಂಬ ಅತಿ ಚಳಿಯ ದೇಶಗಳಲ್ಲೇ. ಚಳಿಯಲ್ಲಿ ಇದು ನಡೆಯುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ.

2022ರಲ್ಲಿ ರಷ್ಯಾ ಯುಕ್ರೇನಿನ ಮೇಲೆ ಯುದ್ಧ ಹೂಡಿ ಗ್ಯಾಸಿನ ಬೆಲೆ ಏರಿದಾಗ ಯುರೋಪಿನಲ್ಲಿ ಆ ಒಂದೇ ವರ್ಷ ಸುಮಾರು 30 ಲಕ್ಷ ಶಾಖ ಪಂಪುಗಳು ಮಾರಾಟವಾದವು. ಗ್ಯಾಸಿನ ಬೆಲೆ ಇಳಿದ 2023ರಲ್ಲಿ ಮಾರಾಟವೂ ಇಳಿಯಿತು. ಹಳೆ ಕಥೆಯೇ ಮತ್ತೆ!

ಕೊಳವೆಯೊಳಗಿನ ದ್ರವದ ಕಥೆ

ಶೀತಕದ ಬಗ್ಗೆ ಎರಡು ಮಾತು ಹೇಳದಿದ್ದರೆ ಚರಿತ್ರೆ ಪೂರ್ತಿಯಾಗದು. ಈಥರ್ ಬೆಂಕಿ ಹಿಡಿಯುತ್ತಿತ್ತು, ಅಮೋನಿಯಾ ಮತ್ತು ಗಂಧಕದ ಡೈ ಆಕ್ಸೈಡ್ ಸೋರಿದರೆ ಉಸಿರಿಗೆ ಅಪಾಯ. 1928ರಲ್ಲಿ ಥಾಮಸ್ ಮಿಜ್ಲಿ ಮತ್ತು ಜೊತೆಗಾರರು ಬೆಂಕಿಯೂ ಹಿಡಿಯದ, ವಿಷವೂ ಅಲ್ಲದ ಹೊಸ ಶೀತಕ ಕಂಡುಹಿಡಿದರು. ಅದೇ ಫ್ರಿಯಾನ್. ಜ್ಯೂರಿಕ್‌ನ ಪಂಪಿನಲ್ಲಿದ್ದದ್ದು ಇದೇ ಜಾತಿಯದು. ಎಲ್ಲರೂ ಸಂತೋಷಪಟ್ಟರು. ಆದರೆ 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ಇವು ಆಕಾಶದ ಓಝೋನ್ ಪದರವನ್ನು ತಿನ್ನುತ್ತವೆ ಎಂದು ಎಚ್ಚರಿಸಿದರು. 1987ರ ಮಾಂಟ್ರಿಯಲ್ ಒಪ್ಪಂದದಿಂದ ಅವುಗಳಿಗೆ ಕಡಿವಾಣ ಬಿತ್ತು. ಅದರ ಬದಲಿಗೆ ಬಂದವು ಓಝೋನಿಗೆ ತೊಂದರೆ ಕೊಡದಿದ್ದರೂ ಭೂಮಿಯನ್ನು ಬಿಸಿ ಮಾಡುವಂಥವು. ಆರ್-410ಎ ಎಂಬ ಶೀತಕ ಒಂದು ಕಿಲೋ ಸೋರಿದರೆ, ನೂರು ವರ್ಷಗಳ ಲೆಕ್ಕದಲ್ಲಿ, ಎರಡು ಸಾವಿರ ಕಿಲೋಗೂ ಹೆಚ್ಚು ಇಂಗಾಲದ ಡೈ ಆಕ್ಸೈಡಿಗೆ ಸಮ. 2016ರ ಕಿಗಾಲಿ ತಿದ್ದುಪಡಿ ಇವನ್ನೂ ಹಂತ ಹಂತವಾಗಿ ಇಳಿಸಲು ಹೇಳಿತು. ಆದ್ದರಿಂದ ಈಗ ಪ್ರೊಪೇನ್, ಇಂಗಾಲದ ಡೈ ಆಕ್ಸೈಡ್ ಮುಂತಾದ ಹಳೆಯ, ಸರಳ ಶೀತಕಗಳ ಕಡೆಗೇ ಮತ್ತೆ ತಿರುಗುತ್ತಿದ್ದಾರೆ. ಪ್ರೊಪೇನ್ ಬೆಂಕಿ ಹಿಡಿಯುವಂಥದ್ದು, ಅದರ ಎಚ್ಚರ ಬೇಕು.

ಹಾಗಾದರೆ ಯಾವುದು ಒಳ್ಳೆಯದು?

ಇಷ್ಟೆಲ್ಲ ಓದಿದ ಮೇಲೆ ನಾವು ಹುಡುಗಿಗೆ ಫೋನ್ ಮಾಡಿದೆವು. ಮೊದಲು ಅವಳ ಹಳೆ ಪ್ರಶ್ನೆಗೆ ಸರಿ ಉತ್ತರ ಹೇಳಿದೆವು. ಆಮೇಲೆ ಮೂರು ಬಗೆಗಳನ್ನು ಹೋಲಿಸಿ ಹೀಗೆ ಹೇಳಿದೆವು.

ನೀರಿನದ್ದು: ಮನೆಯ ಪಕ್ಕ ನದಿ, ಕೆರೆ ಅಥವಾ ಧಾರಾಳ ನೀರಿರುವ ಬಾವಿ ಇದ್ದು ಸರ್ಕಾರದ ಅನುಮತಿಯೂ ಸಿಕ್ಕಿದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಆ ಮಾತು ಬಿಡಬೇಕು.

ನೆಲದ್ದು: ಒಂದು ಯೂನಿಟ್ ವಿದ್ಯುತ್ತಿಗೆ ವರ್ಷದ ಸರಾಸರಿಯಲ್ಲಿ ಸುಮಾರು ಮೂರರಿಂದ ನಾಲ್ಕೂವರೆ ಯೂನಿಟ್ ಶಾಖ. ಕೊರೆಯುವ ಚಳಿಯಲ್ಲೂ ಸೋಲುವುದಿಲ್ಲ, ಸದ್ದಿಲ್ಲ. ಆದರೆ ಒಂದೆರಡು ಮೀಟರ್ ಆಳದಲ್ಲಿ ಉದ್ದಕ್ಕೆ ಕೊಳವೆ ಹೂಳಲು ದೊಡ್ಡ ಅಂಗಳ ಬೇಕು, ಅಥವಾ ಕೊಳವೆಬಾವಿ ಕೊರೆಸಬೇಕು. ಮೊದಲ ಖರ್ಚು ಬಹಳ ದುಬಾರಿ.

ಗಾಳಿಯದ್ದು: ಸರಾಸರಿ ಎರಡೂವರೆಯಿಂದ ಮೂರೂವರೆ ಯೂನಿಟ್. ಖರ್ಚು ಕಡಿಮೆ, ಜಾಗ ಕಡಿಮೆ, ಹೊರಗಿನ ಪೆಟ್ಟಿಗೆಯ ಫ್ಯಾನಿನ ಸದ್ದು ಸ್ವಲ್ಪ ಇರುತ್ತದೆ. ಇದರಲ್ಲೂ ಎರಡು ಜಾತಿ. ಕೋಣೆಗೆ ನೇರವಾಗಿ ಬಿಸಿ ಗಾಳಿ ಬಿಡುವುದು ಒಂದು, ಅದು ಅಗ್ಗ, ಆದರೆ ಸ್ನಾನದ ನೀರು ಕೊಡುವುದಿಲ್ಲ. ನೀರು ಕಾಯಿಸಿ ಮನೆಯ ರೇಡಿಯೇಟರುಗಳಿಗೆ ಕಳಿಸುವುದು ಇನ್ನೊಂದು.

"ನಿನ್ನ ಮನೆಗೆ ಅಂಗಳ ಎಷ್ಟು?" ಎಂದು ಕೇಳಿದೆವು.

"ಒಂದು ಆಟೋ ನಿಲ್ಲಿಸಬಹುದು ಮಾಷ್ಟ್ರೇ, ಅಷ್ಟೇ."

ಹಾಗಾದರೆ ಗಾಳಿಯದ್ದೇ. ಆದರೆ ಪಂಪಿಗಿಂತ ಮೊದಲು ಮನೆಯನ್ನು ನೋಡಬೇಕು ಎಂದೆವು. ಹಳೆ ಗೋಡೆ, ಕಿಟಕಿ, ಮಾಡಿನಿಂದ ಶಾಖ ಸೋರುತ್ತಿದ್ದರೆ ತೂತು ಕೊಡದಲ್ಲಿ ನೀರು ಎತ್ತಿದ ಹಾಗೆ. ಗ್ಯಾಸ್ ಬಾಯ್ಲರಿನ ಕಾಲದ ಚಿಕ್ಕ ರೇಡಿಯೇಟರಿಗೆ 60-70 ಡಿಗ್ರಿ ನೀರು ಬೇಕು. ದೊಡ್ಡ ರೇಡಿಯೇಟರ್ ಹಾಕಿದರೆ 45 ಡಿಗ್ರಿಯ ನೀರಿನಲ್ಲೇ ಮನೆ ಬೆಚ್ಚಗಾಗಬಹುದು, ನೆಲದಡಿ ಕೊಳವೆ ಹಾಕಿದರೆ 35 ಡಿಗ್ರಿ ಸಾಕಾದೀತು. ಎತ್ತುವ ಎತ್ತರ ಕಡಿಮೆಯಾದಷ್ಟು ವಿದ್ಯುತ್ ಉಳಿಯುತ್ತದೆ. ಪ್ರತಿ ಕೋಣೆಯ ಲೆಕ್ಕ ಹಾಕದೆ ಪಂಪಿನ ಗಾತ್ರ ಹೇಳುವವನನ್ನು ನಂಬಬೇಡ, ಫೆಸ್ಟಿವಲ್ ಹಾಲಿನ ಕಥೆಯಾದೀತು ಎಂದೂ ಹೇಳಿದೆವು.

ಕಹಿಯಾದ ಒಂದು ಮಾತನ್ನೂ ಮುಚ್ಚಿಡಲಿಲ್ಲ. ಬ್ರಿಟನ್ನಿನಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಬೆಲೆ ಒಂದು ಯೂನಿಟ್ ಗ್ಯಾಸಿನ ಮೂರು ನಾಲ್ಕು ಪಟ್ಟು ಇದೆ. ಆದ್ದರಿಂದ ಪಂಪು ಮೂರು ಪಟ್ಟು ಶಾಖ ಕೊಟ್ಟರೂ ತಿಂಗಳ ಬಿಲ್ಲಿನಲ್ಲಿ ಉಳಿತಾಯ ಕಾಣದೆ ಹೋಗಬಹುದು. 2023ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ ಸಹಾಯಧನವನ್ನು 7,500 ಪೌಂಡಿಗೆ ಏರಿಸಿದ್ದು ಇದೇ ಹಿಂಜರಿಕೆಯನ್ನು ಕಳೆಯಲಿಕ್ಕೆ. ಲಾಭ ನಷ್ಟ ಎರಡನ್ನೂ ತಿಳಿದುಕೊಂಡೇ ನಿರ್ಧಾರ ಮಾಡು ಎಂದೆವು. ಅವಳು ಎಲ್ಲವನ್ನೂ ಬರೆದುಕೊಂಡಳು, ಹಿಂದೆ ನೋಟ್ಸು ಬರೆದುಕೊಳ್ಳುತ್ತಿದ್ದ ಹಾಗೆಯೇ.

ಜನವರಿಯಲ್ಲಿ ನಾವು ಆರನೇ ತರಗತಿಯ ಮಕ್ಕಳನ್ನು ಶಾಲೆಯ ಎದುರಿನ ಸೋಡಾ ಅಂಗಡಿಗೆ ಕರೆದುಕೊಂಡು ಹೋದೆವು. ಅಂಗಡಿಯವರ ಅನುಮತಿ ಕೇಳಿ, ಒಬ್ಬೊಬ್ಬರಾಗಿ ಫ್ರಿಜ್ಜಿನ ಹಿಂದೆ ಕೈ ಹಿಡಿಯಲು ಹೇಳಿ, ಆ ಬಿಸಿ ಎಲ್ಲಿಂದ ಬಂತು ಎಂದು ಈ ಸಲ ಸರಿಯಾಗಿ ಹೇಳಿಕೊಟ್ಟೆವು. ಹಿಂದೆ ನಾವೇ ತಪ್ಪು ಹೇಳಿದ್ದೆವು ಎಂಬುದನ್ನೂ ಹೇಳಿದೆವು. ಮಕ್ಕಳು ನಕ್ಕರು. ಹಿಂದಿನ ಸಾಲಿನ ಒಬ್ಬ ಹುಡುಗ ಮಾತ್ರ ನಗದೆ ಕೇಳಿದ, "ಹಾಗಾದರೆ ಸರ್, ಗಲ್ಫಿನಿಂದ ಬಂದವರ ಮನೆಯ ಎ.ಸಿ. ಹೊರಗೆ ಬಿಡುವ ಬಿಸಿಯಲ್ಲಿ ಸ್ನಾನದ ನೀರು ಕಾಯಿಸಬಹುದಲ್ಲ?"

ಕಾಯಿಸಬಹುದು, ಅಂಥ ಯಂತ್ರಗಳೂ ಇವೆ. ಆದರೆ ಅದು ಹೇಗೆ ಎಂದು ಓದಿ ತಿಳಿದುಕೊಂಡು ಸೋಮವಾರ ಹೇಳುತ್ತೇವೆ ಎಂದು ಅವನಿಗೆ ಉತ್ತರ ಕೊಟ್ಟೆವು.